ಶರಪ್ರಮಾಣ ಮತ್ತು ಆತ್ಮಾಂಗುಲ: ಒಂದು ಅರ್ಥವಿಚಾರ

ಪ್ರಾಚೀನ ಗ್ರಂಥಗಳ ಸಂಪಾದನೆಯಲ್ಲಿ ಅಳತೆಯ ಮಾತು ಬಂದಾಗ ಅದನ್ನು ಸೆಂಟಿಮೀಟರಿಗೆ ಪರಿವರ್ತಿಸಿ ಅಡಿಟಿಪ್ಪಣಿಯಲ್ಲಿ ಕಾಣಿಸುವುದು ವಾಡಿಕೆ. ಈ ಸುಲಭಕ್ರಮ ಎಲ್ಲೆಡೆಯೂ ಸಲ್ಲದೆಂಬುದಕ್ಕೆ ಬಾಣದ ಉದ್ದವನ್ನು ಕುರಿತ ವಿಧಿಯೊಂದು ಒಳ್ಳೆಯ ನಿದರ್ಶನವಾಗಿದೆ. ವಸಿಷ್ಠನ ಹೆಸರಿನಲ್ಲಿ ಪ್ರಚಲಿತವಾಗಿರುವ ಧನುರ್ವೇದಸಂಹಿತೆಯು ಶರದಂಡವು ಎರಡು ಹಸ್ತಕ್ಕೆ ಒಂದು ಮುಷ್ಟಿ ಕಡಿಮೆಯಿರಬೇಕೆಂದೂ ದಪ್ಪದಲ್ಲಿ ಕಿರುಬೆರಳಿನಷ್ಟಿರಬೇಕೆಂದೂ ಹೇಳುತ್ತದೆ. ಇಲ್ಲಿ ಎರಡು ಸಂದೇಹಗಳು ಏಳುತ್ತವೆ. ಈ ಹಸ್ತವು ಯಾರ ಹಸ್ತ? ಮುಷ್ಟಿಯೆಂದರೆ ಎಷ್ಟು ಅಂಗುಲ?

ಮೊದಲನೆಯದಕ್ಕೆ ಸಮಾಧಾನವು ನಮ್ಮ ಆಗಮಸಾಹಿತ್ಯದಲ್ಲಿಯೇ ದೊರೆಯುತ್ತದೆ. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯಲ್ಲಿ ಉತ್ಸೇಧಾಂಗುಲ, ಪ್ರಮಾಣಾಂಗುಲ, ಆತ್ಮಾಂಗುಲವೆಂದು ಅಂಗುಲವು ಮೂರು ವಿಧ. ಜೀವಿಗಳ ದೇಹೋತ್ಸೇಧಕ್ಕೆ ಮೊದಲನೆಯದು; ದ್ವೀಪ, ಸಮುದ್ರ, ಕುಲಪರ್ವತಗಳಿಗೆ ಎರಡನೆಯದು; ಆಯಾ ಕಾಲದ ಮನುಷ್ಯರು ಬಳಸುವ ವಸ್ತುಗಳಿಗೆ ಅವರ ಬೆರಳಿನ ಅಳತೆಯಾದ ಮೂರನೆಯದು. ಕಲಶ, ದರ್ಪಣ, ಶಯ್ಯೆ, ನೇಗಿಲು, ಒನಕೆ ಮೊದಲಾದವುಗಳ ಪಟ್ಟಿಯಲ್ಲಿ ಬಾಣವೂ ಸೇರಿದೆಯೆಂಬುದನ್ನು ವಿದ್ವಾಂಸರು ಗಮನಿಸಬೇಕು. ಬಾಣವು ಬಿಲ್ಲಾಳಿನ ದೇಹಕ್ಕೆ ಹೊಂದಬೇಕಾದ ವಸ್ತುವಾದುದರಿಂದ ಈ ಸೇರ್ಪಡೆಯು ಯುಕ್ತವೇ ಆಗಿದೆ.

ಎರಡನೆಯ ಸಂದೇಹವು ಹೆಚ್ಚು ತೊಡಕಿನದು. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಬೆಳಕಿಗೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದುದು ಸರ್ವವಿದಿತ. ಮುಂದೆ ಅವರು ನಮ್ಮ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದರು. ಆ ಗ್ರಂಥದ ಮಾನಪ್ರಕರಣದಲ್ಲಿ ನಾಲ್ಕು ಅಂಗುಲಕ್ಕೆ ಧನುರ್ಗ್ರಹವೆಂದೂ ಎಂಟು ಅಂಗುಲಕ್ಕೆ ಧನುರ್ಮುಷ್ಟಿಯೆಂದೂ ಹೆಸರಿದೆ. ಹಸ್ತಕ್ಕೆ 24 ಅಂಗುಲದಂತೆ ಎರಡು ಹಸ್ತವು 48 ಅಂಗುಲ. ಮುಷ್ಟಿಯನ್ನು ಅಂಗೈಯ ಅಗಲವಾದ ನಾಲ್ಕು ಅಂಗುಲವೆಂದು ಹಿಡಿದರೆ ಬಾಣವು 44 ಅಂಗುಲ. ಕೌಟಿಲ್ಯನ ಪರಿಭಾಷೆಯಂತೆ ಎಂಟೆಂದು ಹಿಡಿದರೆ 40 ಅಂಗುಲ. 45 ಸೆಂಟಿಮೀಟರಿನ ಹಸ್ತವುಳ್ಳವನಿಗೆ ಇವು ಕ್ರಮವಾಗಿ 82.5 ಮತ್ತು 75 ಸೆಂಟಿಮೀಟರುಗಳಾಗುತ್ತವೆ.

ಈ ಅಂತರವು ಅಲ್ಪವೆಂದು ತೋರಬಹುದು, ಪ್ರಯೋಗದಲ್ಲಿ ಅಲ್ಪವಲ್ಲ. ಎರಡು ತೋಳುಗಳನ್ನೂ ಚಾಚಿದಾಗ ಬೆರಳ ತುದಿಗಳ ನಡುವಣ ಅಂತರವು ಸುಮಾರು ನಾಲ್ಕು ಹಸ್ತ. ಆದುದರಿಂದ ಎದೆಯ ನಡುವಿನಿಂದ ಬೆರಳ ತುದಿಗೆ ಎರಡು ಹಸ್ತ. ಬಿಲ್ಲನ್ನು ಹಿಡಿದಾಗ ಬೆರಳುಗಳು ಮಡಿಚಿ ಆ ಉದ್ದದಲ್ಲಿ ಸ್ವಲ್ಪ ಕಳೆಯುತ್ತದೆ. ಮುಷ್ಟಿಯನ್ನು ಕಳೆಯಬೇಕೆಂಬ ವಿಧಿಯ ಆಶಯವು ಇದೇ ಎಂದು ತೋರುತ್ತದೆ. ಆದರೆ ಹೆದೆಯನ್ನು ಆಕರ್ಣವಾಗಿ ಸೆಳೆಯುವಾಗ ಬಲಗೈ ಎದೆಯ ನಡುವನ್ನು ದಾಟಿ ಹಿಂದಕ್ಕೆ ಸರಿಯುತ್ತದೆ. ಆಗ 40 ಅಂಗುಲದ ಬಾಣದ ಮೊನೆಯು ಬಿಲ್ಲಿನ ಒಳಗಡೆಗೆ ಜಾರಿ ಹಿಡಿದ ಕೈಗೇ ಗಾಯವಾದೀತು. ಆಕರ್ಣಕ್ಕೆ 44 ಅಂಗುಲವೇ ಹೊಂದುತ್ತದೆ. 40 ಅಂಗುಲವು ಎದೆಯವರೆಗಿನ ಸೆಳೆತಕ್ಕೆ ಮಾತ್ರ ಸಾಕು.

ಉದ್ದವು ಬಾಣದ ಬಾಗುವಿಕೆಯನ್ನೂ ನಿಯಮಿಸುತ್ತದೆ. ಹೆದೆಯನ್ನು ಬಿಟ್ಟೊಡನೆ ದಂಡವು ಬಿಲ್ಲಿನ ಪಕ್ಕದಲ್ಲಿ ಬಳುಕಿ, ಅದನ್ನು ಬಳಸಿಕೊಂಡು ಸಾಗುತ್ತದೆ; 20ನೆಯ ಶತಮಾನದ ಅತಿವೇಗದ ಛಾಯಾಗ್ರಹಣವು ಇದನ್ನು ಕಣ್ಣಿಗೆ ಕಾಣಿಸಿದೆ. ಬಳುಕು ಮಿತಿಮೀರಿದರೂ ಸಾಲದಿದ್ದರೂ ಬಾಣವು ಗುರಿಯಿಂದ ಪಕ್ಕಕ್ಕೆ ಸರಿಯುತ್ತದೆ. ಒಂದೇ ದಪ್ಪದ ದಂಡದ ಬಾಗು ಅದರ ಉದ್ದದ ಘನಕ್ಕೆ ಅನುಗುಣವಾದುದರಿಂದ 75ಕ್ಕಿಂತ 82.5 ಸೆಂಟಿಮೀಟರಿನ ದಂಡವು ಸುಮಾರು ಮೂರನೆಯ ಒಂದು ಪಾಲು ಹೆಚ್ಚು ಬಾಗುತ್ತದೆ. ಮೊನೆ ಭಾರವಾದರೂ ಬಳುಕು ಹೆಚ್ಚುತ್ತದೆ. ಆದುದರಿಂದ ಬಲ್ಲವರು ದಂಡವನ್ನು ಮೊದಲು ಉದ್ದವಾಗಿಯೇ ಇರಿಸಿ, ಎಸೆದು ನೋಡಿ, ಸ್ವಲ್ಪಸ್ವಲ್ಪವಾಗಿ ಕತ್ತರಿಸುತ್ತಾರೆ.

ಈ ಹಿನ್ನೆಲೆಯಲ್ಲಿ ಅದೇ ಸಂಹಿತೆಯ ಇನ್ನೊಂದು ವಿಭಾಗವೂ ಸಾರ್ಥಕವಾಗುತ್ತದೆ. ಮುಂಭಾಗ ದಪ್ಪವಾದುದು ಸ್ತ್ರೀಶರ, ಹಿಂಭಾಗ ದಪ್ಪವಾದುದು ಪುರುಷಶರ, ಸಮನಾದುದು ನಪುಂಸಕಶರ. ಇವು ಕ್ರಮವಾಗಿ ದೂರಕ್ಕೆ, ದೃಢಭೇದನಕ್ಕೆ, ಲಕ್ಷ್ಯಕ್ಕೆ ಪ್ರಶಸ್ತ. ಇದು ಕೇವಲ ಕವಿಸಮಯವಲ್ಲ. ಭಾರ ಮತ್ತು ಬಿಗಿತಗಳು ದಂಡದಲ್ಲಿ ಎಲ್ಲಿ ನೆಲೆಗೊಂಡಿವೆಯೆಂಬುದನ್ನು ಗುರುತಿಸಿದ ವಿಂಗಡಣೆ.

ಇಲ್ಲೊಂದು ಎಚ್ಚರಿಕೆಯೂ ಅವಶ್ಯಕ. ಭರತಕ್ಷೇತ್ರದ ಇಷುವು 526 6/19 ಯೋಜನವೆಂದು ಹೇಳುವಾಗ, ಅಥವಾ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಬಾಣವೆಂಬ ಮಾತು ಬಂದಾಗ, ಅದು ವೃತ್ತಖಂಡದ ಎತ್ತರವೇ ಹೊರತು ಎಸೆಯುವ ಶರವಲ್ಲ. ಅದು ಜ್ಯಾಮಧ್ಯದಿಂದ ಚಾಪಮಧ್ಯಕ್ಕಿರುವ ದೂರ. ಬಿಲ್ಲಾಳಿನ ಬಾಣವು ಅದಕ್ಕಿಂತ ಬಹಳ ಉದ್ದ. ಒಂದರ ಪ್ರಮಾಣವನ್ನು ಇನ್ನೊಂದಕ್ಕೆ ಅನ್ವಯಿಸಲಾಗದು.

ಒಟ್ಟಿನಲ್ಲಿ, ಪ್ರಕೃತ ವಿಧಿಗೆ 82.5 ಸೆಂಟಿಮೀಟರೆಂಬ ಒಂದೇ ಅಂಕೆಯನ್ನು ಬರೆದು ಮುಗಿಸುವುದು ತಪ್ಪಾದೀತು. 42 ಸೆಂಟಿಮೀಟರಿನ ಹಸ್ತವುಳ್ಳವನಿಗೆ ಅದೇ 44 ಅಂಗುಲವು 77 ಸೆಂಟಿಮೀಟರು ಮಾತ್ರ. ಸಂಪಾದಕರು ಮೂಲದ ಹಸ್ತ–ಮುಷ್ಟಿಗಳನ್ನು ಹಾಗೆಯೇ ಉಳಿಸಿ, ಆತ್ಮಾಂಗುಲದ ಸೂಚನೆಯನ್ನು ಟಿಪ್ಪಣಿಯಲ್ಲಿ ಕೊಡುವುದು ಉಚಿತ. ಮುಷ್ಟಿಗೆ ನಾಲ್ಕು ಅಂಗುಲವೆಂಬ ನನ್ನ ನಿರ್ಣಯವನ್ನು ವಿದ್ವಜ್ಜನರು ತಮ್ಮಲ್ಲಿರುವ ಪ್ರತಿಗಳೊಡನೆ ಹೋಲಿಸಿ ಪರಾಮರ್ಶಿಸಬೇಕೆಂದು ವಿನಂತಿ.