ಹಾಜರಿ ಉಂಟು, ಪ್ರಶ್ನೆ ಉಂಟು, ಮತ ಎಲ್ಲಿ?

ಮುಂಬಯಿ ಮಹಾನಗರದಿಂದ ಮಹಾರಾಷ್ಟ್ರ ವಿಧಾನಸಭೆಗೆ 36 ಶಾಸಕರು ಆಯ್ಕೆಯಾಗುತ್ತಾರೆ. ಇವರ ಕೆಲಸಕ್ಕೆ ಅಂಕ ಕೊಟ್ಟು ರ‍್ಯಾಂಕ್ ಪಟ್ಟಿ ತಯಾರಿಸುವ ಕೆಲಸವನ್ನು ಇಲ್ಲಿನ ಪ್ರಜಾ ಫೌಂಡೇಶನ್ 2011ರಿಂದ ಮಾಡುತ್ತ ಬಂದಿದೆ. ವರದಿ ಹೊರಬಿದ್ದ ಮರುದಿನ ಪತ್ರಿಕೆಗಳಲ್ಲಿ ಮೊದಲ ಕೆಲವರ ಹೆಸರು, ಕೊನೆಯ ಕೆಲವರ ಹೆಸರು. ಮಧ್ಯಾಹ್ನದೊಳಗೆ ಅದು ಸೊಸೈಟಿಯ, ಸಂಘದ, ಊರಿನವರ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬರುತ್ತದೆ. ಅಂಕಿ-ಅಂಶಗಳ ನಡುವೆಯೇ ನೌಕರಿ ಮುಗಿಸಿದವನು ಎಂಬ ಕಾರಣಕ್ಕೆ ಪರಿಚಯದವರು ನನಗೂ ಕಳಿಸಿ ಕೇಳುತ್ತಾರೆ: "ನಮ್ಮ ಆಮದಾರರಿಗೆ ಇಪ್ಪತ್ತೆರಡನೇ ನಂಬರ್ ಅಂತೆ. ಇದನ್ನು ನಂಬಬಹುದಾ ಮಾರಾಯ್ರೆ?"

ಅಂಕಿಗಳನ್ನು ನಂಬಬಹುದು. ಅವು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದು ಬೇರೆ ಮಾತು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪಡೆದ ದಾಖಲೆಗಳಿಂದ ಶಾಸಕರ ಹಾಜರಿ, ಕೇಳಿದ ಪ್ರಶ್ನೆಗಳ ಸಂಖ್ಯೆ, ಆ ಪ್ರಶ್ನೆಗಳ ಗುಣಮಟ್ಟ, ಅವರ ಮೇಲಿನ ಕ್ರಿಮಿನಲ್ ಪ್ರಕರಣಗಳು, ಜೊತೆಗೆ ಮನೆಮನೆ ಸಮೀಕ್ಷೆಯಲ್ಲಿ ಜನ ಹೇಳಿದ ಅಭಿಪ್ರಾಯ, ಇವೆಲ್ಲ ಸೇರಿ ಅಂಕ ಬರುತ್ತದೆ. ಮಂತ್ರಿಗಳನ್ನು ರ‍್ಯಾಂಕಿಗೆ ಸೇರಿಸುವುದಿಲ್ಲ. ಉತ್ತರ ಕೊಡುವವರು ಪ್ರಶ್ನೆ ಕೇಳುವುದಿಲ್ಲವಷ್ಟೆ. ಶ್ರದ್ಧೆಯ ಕೆಲಸ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಒಂದು ಕಾಲಂ ಇಲ್ಲ. ಯಾವ ವಿಧೇಯಕಕ್ಕೆ ಈ ಶಾಸಕರು 'ಹೌದು' ಎಂದರು, ಯಾವುದಕ್ಕೆ 'ಇಲ್ಲ' ಎಂದರು?

ಅದು ಪ್ರಜಾದವರ ತಪ್ಪಲ್ಲ. ಆ ದಾಖಲೆಯೇ ಇಲ್ಲ. ಮುಂಬಯಿಯಲ್ಲಿರಲಿ, ಬೆಂಗಳೂರು, ಚೆನ್ನೈ, ಹೈದರಾಬಾದಿನಲ್ಲಿರಲಿ, ನಮ್ಮ ವಿಧಾನಸಭೆಗಳಲ್ಲಿ ಹೆಚ್ಚಿನ ವಿಧೇಯಕಗಳು ಪಾಸಾಗುವುದು ಧ್ವನಿಮತದಿಂದ. ಪರವಾಗಿದ್ದವರು 'ಹೌದು' ಎನ್ನುತ್ತಾರೆ, ವಿರೋಧವಿದ್ದವರು 'ಇಲ್ಲ' ಎನ್ನುತ್ತಾರೆ, ಯಾವ ಕಡೆಯ ಸದ್ದು ದೊಡ್ಡದು ಎಂದು ಸಭಾಧ್ಯಕ್ಷರು ತೀರ್ಮಾನಿಸುತ್ತಾರೆ. ಯಾರಾದರೂ ಮತ ವಿಭಜನೆಗೆ ಪಟ್ಟು ಹಿಡಿದರೆ ಮಾತ್ರ ತಲೆ ಎಣಿಕೆ. ಹಾಗೆ ಎಣಿಸಿದ್ದು ನಮಗೆಲ್ಲ ನೆನಪಿರುವುದು ಸರಕಾರ ಅಲುಗಾಡಿದಾಗ: 2019ರ ಜುಲೈ 23ರಂದು ಬೆಂಗಳೂರಿನಲ್ಲಿ ಕುಮಾರಸ್ವಾಮಿಯವರ ವಿಶ್ವಾಸಮತ 99–105ರಲ್ಲಿ ಬಿದ್ದದ್ದು, 2022ರ ಜುಲೈ 4ರಂದು ಇಲ್ಲಿ ಶಿಂದೆಯವರ ಸರಕಾರ 164–99ರಲ್ಲಿ ಗೆದ್ದದ್ದು. ಕುರ್ಚಿಯ ಪ್ರಶ್ನೆ ಬಂದಾಗ ಒಂದೊಂದು ತಲೆಗೂ ಲೆಕ್ಕವಿದೆ. ಬಾಡಿಗೆ, ಭೂಮಿ, ಶಾಲೆ, ನೀರಿನ ಕಾನೂನಿಗೆ ಸದ್ದೇ ಸಾಕು.

ಇನ್ನು ಎಣಿಸಿದರೂ ಏನು ಸಿಕ್ಕೀತು? 1985ರ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಪಕ್ಷದ ವಿಪ್ ಮೀರಿ ಮತ ಹಾಕಿದರೆ, ಅಥವಾ ಮತ ಹಾಕದೆ ಉಳಿದರೆ ಶಾಸಕತ್ವಕ್ಕೇ ಸಂಚಕಾರ. ಮೂರನೇ ಒಂದು ಭಾಗ ಸದಸ್ಯರು ಒಟ್ಟಾಗಿ ಒಡೆದು ಹೋದರೆ ಇದ್ದ ರಿಯಾಯಿತಿಯನ್ನೂ 2003ರ 91ನೇ ತಿದ್ದುಪಡಿ ತೆಗೆದುಹಾಕಿತು. ಪಕ್ಷಾಂತರದ ಪಿಡುಗು ಇದರಿಂದ ನಿಂತಿತೇ ಎಂಬುದನ್ನು ಕರ್ನಾಟಕ, ಮಹಾರಾಷ್ಟ್ರ ಎರಡನ್ನೂ ಬಲ್ಲ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸಂಖ್ಯಾಶಾಸ್ತ್ರದ ಕಣ್ಣಿಗೆ ಇದರ ಪರಿಣಾಮ ಸ್ಪಷ್ಟ. ಒಂದು ತರಗತಿಯ ಎಲ್ಲ ಮಕ್ಕಳಿಗೂ ಒಂದೇ ಅಂಕ ಬಂದರೆ ಆ ಪರೀಕ್ಷೆಯಿಂದ ಯಾವ ಮಗುವಿನ ಬಗ್ಗೆಯೂ ಏನೂ ತಿಳಿಯುವುದಿಲ್ಲ. ಒಂದೇ ಪಕ್ಷದವರ ಮತಗಳೆಲ್ಲ ಒಂದೇ ಅಚ್ಚಿನಲ್ಲಿ ಬಿದ್ದರೆ ಅದೇ ಸ್ಥಿತಿ.

ಅಮೆರಿಕದ ರಾಜ್ಯ ಶಾಸನಸಭೆಗಳಲ್ಲಿ ಹೀಗಿಲ್ಲ. ಅಲ್ಲಿ ವಿಧೇಯಕದ ಮೇಲೆ ಹೆಸರು ಹೆಸರಾಗಿ ಮತ ದಾಖಲಾಗುತ್ತದೆ, ಪಕ್ಷದ ಮಾತು ಮೀರಿದ ಮಾತ್ರಕ್ಕೆ ಸದಸ್ಯತ್ವ ಹೋಗುವುದಿಲ್ಲ. ಕೀತ್ ಪೂಲ್ ಮತ್ತು ಹೊವಾರ್ಡ್ ರೊಸೆಂಥಾಲ್ ಎಂಬ ವಿದ್ವಾಂಸರು ಅಲ್ಲಿನ ಸಂಸತ್ತಿನ ಸಾವಿರಾರು ಮತಗಳನ್ನು ಗಣಿತಕ್ಕೆ ಹಾಕಿ, ಯಾರು ಯಾರ ಜೊತೆ ಎಷ್ಟು ಸಲ ಸೇರುತ್ತಾರೆ ಎಂಬುದರ ಮೇಲೆ ಪ್ರತಿ ಸದಸ್ಯನನ್ನೂ ಎಡದಿಂದ ಬಲಕ್ಕೆ ಒಂದು ಗೆರೆಯ ಮೇಲೆ ಕೂರಿಸಿದರು. ಮುಂದೆ ಬೇರೆಯವರು ರಾಜ್ಯಗಳ ಶಾಸಕರನ್ನೂ ಇಂಥ ಗೆರೆಗೆ ತಂದರು. ಅದೇ ಲೆಕ್ಕವನ್ನು ನಮ್ಮ ಯಾವುದೇ ವಿಧಾನಸಭೆಗೆ ಹಚ್ಚಿದರೆ ಗೆರೆಯ ಆ ತುದಿಯಲ್ಲೊಂದು ಗುಡ್ಡೆ, ಈ ತುದಿಯಲ್ಲೊಂದು ಗುಡ್ಡೆ. ನಡುವೆ ಬಯಲು.

ಹಾಗೆಂದು ಮತದ ದಾಖಲೆ ಇದ್ದಲ್ಲಿ ಎಲ್ಲ ಸಲೀಸು ಎಂದಲ್ಲ. ಬರಾಕ್ ಒಬಾಮಾ ಅಧ್ಯಕ್ಷರಾಗುವ ಮುಂಚೆ 1997ರಿಂದ 2004ರವರೆಗೆ ಇಲಿನಾಯ್ ರಾಜ್ಯದ ಸೆನೆಟ್ಟಿನಲ್ಲಿದ್ದರು. ಸುಮಾರು ನಾಲ್ಕು ಸಾವಿರ ಮತಗಳಲ್ಲಿ 130ರಷ್ಟು ಸಲ ಅವರು ಹೌದೂ ಅನ್ನದೆ, ಇಲ್ಲವೂ ಅನ್ನದೆ 'ಹಾಜರಿದ್ದೇನೆ' ಎಂದಷ್ಟೇ ದಾಖಲಿಸಿದ್ದರು. ಚುನಾವಣೆಯಲ್ಲಿ ಎದುರಾಳಿಗಳು ಇದನ್ನೇ ಹಿಡಿದು, ನಿಲುವು ತಳೆಯಲು ಅಂಜುವ ಮನುಷ್ಯ ಎಂದು ಟೀಕಿಸಿದರು. ಆದರೆ ಆ ರಾಜ್ಯದಲ್ಲಿ ವಿಧೇಯಕ ಪಾಸಾಗಲು ಸದನದ ಒಟ್ಟು ಸದಸ್ಯರ ಬಹುಮತ ಬೇಕು, ಆ ಹೊತ್ತಿಗೆ ಹಾಜರಿದ್ದವರದ್ದಲ್ಲ. ಹಾಗಾಗಿ 'ಹಾಜರಿದ್ದೇನೆ' ಎಂದರೆ ಲೆಕ್ಕದಲ್ಲಿ 'ಇಲ್ಲ' ಎಂದಂತೆಯೇ. ಕೆಲವು ವಿಧೇಯಕಗಳಲ್ಲಿ ಅದು ಮೊದಲೇ ಮಾತಾಡಿಕೊಂಡ ತಂತ್ರವೂ ಆಗಿತ್ತು. ಸದನದ ನಿಯಮ ತಿಳಿಯದೆ 130 ಎಂಬ ಸಂಖ್ಯೆ ಓದಿದವನು ಪೂರಾ ತಿರುವುಮುರುವಾಗಿ ಅರ್ಥ ಮಾಡಿಕೊಳ್ಳುತ್ತಾನೆ.

ಮತವಷ್ಟೇ ಅಲ್ಲ, ಪರಿಣಾಮವನ್ನೂ ಅಳೆಯಬೇಕೆಂದು ಕ್ರೇಗ್ ವೋಲ್ಡನ್ ಮತ್ತು ಅಲನ್ ವೈಸ್‌ಮನ್ ಇನ್ನೊಂದು ದಾರಿ ಹಿಡಿದರು. ಸದಸ್ಯ ಮಂಡಿಸಿದ ಪ್ರತಿ ವಿಧೇಯಕ ಎಲ್ಲಿಯವರೆಗೆ ನಡೆಯಿತು ಎಂದು ಐದು ಮೆಟ್ಟಿಲುಗಳಲ್ಲಿ ನೋಡುವುದು: ಮಂಡನೆ, ಸಮಿತಿಯಲ್ಲಿ ಚರ್ಚೆ, ಸಮಿತಿ ದಾಟಿದ್ದು, ಸದನದಲ್ಲಿ ಪಾಸಾದದ್ದು, ಕಾನೂನಾದದ್ದು. ಯಾರದೋ ಗೌರವಾರ್ಥ ತಂದ ವಿಧೇಯಕಕ್ಕೆ 1ರ ತೂಕವಾದರೆ ಗಟ್ಟಿ ವಿಷಯಕ್ಕೆ 5, ತೀರಾ ಮಹತ್ವದ್ದಕ್ಕೆ 10. ಚೆಂದದ ಲೆಕ್ಕ, ಸಂಸತ್ತಿನಿಂದ ರಾಜ್ಯಗಳಿಗೂ ವಿಸ್ತರಿಸಿತು. ನಮ್ಮಲ್ಲಿ ಇದನ್ನು ಮಾಡಿದರೆ ಮಂತ್ರಿಯಲ್ಲದ ಹೆಚ್ಚುಕಡಿಮೆ ಎಲ್ಲ ಶಾಸಕರಿಗೂ ಸೊನ್ನೆ ಬಂದೀತು. ಇಲ್ಲಿ ವಿಧೇಯಕ ತರುವುದು ಸರಕಾರ. ನಮ್ಮ ಸಂಸತ್ತಿನಲ್ಲೇ ಸ್ವಾತಂತ್ರ್ಯಾನಂತರ ಕಾನೂನಾದ ಖಾಸಗಿ ವಿಧೇಯಕಗಳು ಬರೇ 14, ಕೊನೆಯದು 1970ರಲ್ಲಿ.

ಹಾಗಾಗಿ ನಮ್ಮ ಕೈಯಲ್ಲಿ ಉಳಿಯುವುದು ಹಾಜರಿ, ಪ್ರಶ್ನೆ, ಜನಾಭಿಪ್ರಾಯ. ಹಾಜರಿಯನ್ನು ಶೇಕಡಾವಾರು ಹೇಳುವಾಗ ಭಾಗಿಸುವ ಸಂಖ್ಯೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಪಿಆರ್‌ಎಸ್ ಸಂಸ್ಥೆಯ ಪ್ರಕಾರ 2023ರಲ್ಲಿ ರಾಜ್ಯ ವಿಧಾನಸಭೆಗಳು ಸೇರಿದ್ದು ಸರಾಸರಿ 22 ದಿನ. ಎರಡು ದಿನ ಜ್ವರ ಬಂದರೆ ಹಾಜರಿ 91ಕ್ಕೆ ಇಳಿಯಿತು. ಪೂರ್ತಿ 22 ದಿನ ಬಂದವರಿಗೆ 100. ನೂರಕ್ಕೆ ನೂರು ಎಂದು ಬ್ಯಾನರ್ ಹಾಕಿಸಿಕೊಳ್ಳುವವರು ವರ್ಷದಲ್ಲಿ ಒಂದು ತಿಂಗಳೂ ಸದನದಲ್ಲಿ ಕೂತಿರುವುದಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ಕರ್ನಾಟಕ 2005ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡಿದೆ. ಕಾಯ್ದೆ ಪುಸ್ತಕದಲ್ಲಿ ಭದ್ರವಾಗಿದೆ. ಸಹಿ ಹಾಕಿ ಹೊರಗೆ ಹೋಗುವವರ ಸಮಸ್ಯೆ ಬೇರೆ. ಸದಸ್ಯರು ಒಳಗೆ ಎಷ್ಟು ಹೊತ್ತು ಇದ್ದರೆಂದು ತಿಳಿಯಲು ಸ್ಪೀಕರ್ ಯು. ಟಿ. ಖಾದರ್ 2024ರಲ್ಲಿ ಬೆಂಗಳೂರಿನ ಸದನದ ಬಾಗಿಲಿಗೆ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ತಂದರು. ಒಳಗೆ ಇದ್ದು ಏನು ಮಾಡಿದರು ಎಂಬುದಕ್ಕೆ ಇನ್ನೂ ಕ್ಯಾಮೆರಾ ಬಂದಿಲ್ಲ.

ಪ್ರಶ್ನೆಗಳ ಸಂಖ್ಯೆಯಲ್ಲಿ ಅಪಾಯ ಇನ್ನೂ ಹೆಚ್ಚು. ಅಳತೆಗೋಲೇ ಗುರಿಯಾದಾಗ ಅದು ಅಳತೆಗೋಲಾಗಿ ಉಳಿಯುವುದಿಲ್ಲ ಎಂಬ ಅರ್ಥದ ಸೂತ್ರವೊಂದು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಗುಡ್‌ಹಾರ್ಟ್ ಅವರ ಹೆಸರಿನಲ್ಲಿದೆ. ಸಂಖ್ಯೆಗೆ ಅಂಕ ಉಂಟೆಂದು ಗೊತ್ತಾದರೆ ಪ್ರಶ್ನೆಗಳನ್ನು ಆಪ್ತ ಸಹಾಯಕರೇ ಕಟ್ಟುಕಟ್ಟಾಗಿ ಬರೆದುಕೊಟ್ಟಾರು. ಮಹಾರಾಷ್ಟ್ರದಲ್ಲಂತೂ ಒಂದೇ ಪ್ರಶ್ನೆಯ ಕೆಳಗೆ ಹಲವು ಶಾಸಕರ ಹೆಸರಿರುವುದು ಮಾಮೂಲು. 2005ರ ಡಿಸೆಂಬರಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದರೆಂದು 11 ಸಂಸದರನ್ನು ಉಚ್ಚಾಟಿಸಿದ್ದು ನೆನಪಿದೆಯಲ್ಲ? ಬರೇ ಎಣಿಕೆಯ ಲೆಕ್ಕದಲ್ಲಿ ಹಣಕ್ಕೆ ಕೇಳಿದ ಪ್ರಶ್ನೆಗೂ ಒಂದು ಅಂಕ. ಪ್ರಜಾದವರು ಸಂಖ್ಯೆಯ ಜೊತೆ ಗುಣಮಟ್ಟಕ್ಕೂ ಅಂಕ ಕೊಡುವುದು ಈ ಕಾರಣಕ್ಕೆ ಸರಿ.

ಜನಾಭಿಪ್ರಾಯದ ವಿಷಯದಲ್ಲಿ ನನ್ನ ತಕರಾರು ಎರಡು. ಒಂದು ಕ್ಷೇತ್ರದಲ್ಲಿ 600 ಜನರನ್ನು ಕೇಳಿದರೆಂದು ಇಟ್ಟುಕೊಳ್ಳಿ, ಉತ್ತರದಲ್ಲಿ ಶೇ. 4ರಷ್ಟು ಆಚೀಚೆ ಆಗುವುದು ಸಹಜ. ಮೂವತ್ತು ಚಿಲ್ಲರೆ ಶಾಸಕರು ಕೆಲವೇ ಅಂಕಗಳ ಅಂತರದಲ್ಲಿ ಒತ್ತಿಕೊಂಡು ನಿಂತಿರುವಾಗ ಹದಿನಾಲ್ಕಕ್ಕೂ ಇಪ್ಪತ್ತೆರಡಕ್ಕೂ ಇರುವ ವ್ಯತ್ಯಾಸ ಗಾಳಿಯಲ್ಲಿ ತೂರಿಹೋದೀತು. ತೀರಾ ಮೇಲಿನವರು, ತೀರಾ ಕೆಳಗಿನವರು, ಇಷ್ಟನ್ನು ನಂಬಿ. ಇನ್ನೊಂದು, ಜನ ಸಿಟ್ಟಾಗುವುದು ಗಟಾರ, ಕಸ, ರಸ್ತೆಯ ಹೊಂಡಕ್ಕೆ. ಅದು ಮಹಾನಗರಪಾಲಿಕೆಯ ಕೆಲಸ. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಗರಸೇವಕರೇ ಇರಲಿಲ್ಲ. ಎಲ್ಲ ದೂರೂ ಶಾಸಕರ ಬಾಗಿಲಿಗೆ ಹೋಯಿತು. ಪಾಲಿಕೆಯ ಹೊಂಡಕ್ಕೆ ಶಾಸಕರ ಅಂಕ ಇಳಿಯುವುದೂ ಉಂಟು, ಹೊಂಡ ಮುಚ್ಚಿಸಿದ್ದಕ್ಕೆ ಏರುವುದೂ ಉಂಟು. ಶಾಸನ ಮಾಡುವ ಕೆಲಸಕ್ಕೆ ಎರಡರದ್ದೂ ಸಂಬಂಧ ಕಡಿಮೆ.

ಮುಖ್ಯವಾದ ಇನ್ನೊಂದು ಕೆಲಸ ಪಟ್ಟಿಗೆ ಬರುವುದೇ ಇಲ್ಲ. ಲೆಕ್ಕಪತ್ರ ಸಮಿತಿ, ಅಂದಾಜು ಸಮಿತಿ, ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತು ಉಳಿಸಿಕೊಂಡರೇ ಎಂದು ನೋಡುವ ಭರವಸೆಗಳ ಸಮಿತಿ. ಅಧಿಕಾರಿಗಳನ್ನು ಎದುರಿಗೆ ಕೂರಿಸಿ ಕೇಳುವ ಜಾಗ ಅದು. ಸಭೆಗಳು ಮುಚ್ಚಿದ ಬಾಗಿಲೊಳಗೆ ನಡೆಯುವುದರಿಂದ ಅಲ್ಲಿ ದುಡಿದ ಶಾಸಕರಿಗೆ ಹೊರಗೆ ಅಂಕವಿಲ್ಲ.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು, ರ‍್ಯಾಂಕ್ ನೋಡಿ ಬದಿಗಿಡಿ, ನಿಮ್ಮ ಶಾಸಕರ ಪ್ರಶ್ನೆಗಳನ್ನು ಓದಿ. ಪಟ್ಟಿ ಮರಾಠಿಯಲ್ಲಿರುತ್ತದೆ, ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ನಮಗಿಂತ ಚೆನ್ನಾಗಿ ಓದಿ ಹೇಳುತ್ತಾರೆ. ನಮಗೆ ಸಂಬಂಧಪಟ್ಟ ಒಂದೇ ವಿಷಯ ಹಿಡಿದುಕೊಳ್ಳಿ. ಮುಂಬಯಿ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಕನ್ನಡ ಮತದಾರರು ಸಾಕಷ್ಟಿರುವ ಕ್ಷೇತ್ರದ ಶಾಸಕರು ಸಂಘದ ವಾರ್ಷಿಕೋತ್ಸವಕ್ಕೆ ಬಂದು ಶಾಲು ಹೊದೆಸಿಕೊಳ್ಳುತ್ತಾರೆ. ಅವರು ಐದು ವರ್ಷದಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಬಗ್ಗೆ, ಆ ಶಾಲೆಗಳ ಶಿಕ್ಷಕರ ಬಗ್ಗೆ ಎಷ್ಟು ಪ್ರಶ್ನೆ ಕೇಳಿದರು? ಮಂತ್ರಿಗಳಿಂದ ಬಂದ ಉತ್ತರವೇನು? 'ಪರಿಶೀಲನೆಯಲ್ಲಿದೆ' ಎಂದಷ್ಟೇ ಉತ್ತರ ಬಂದಿದ್ದರೆ, ಮುಂದಿನ ಅಧಿವೇಶನದ ಪಟ್ಟಿ ತೆಗೆದು ಅದೇ ಪ್ರಶ್ನೆ, ಅದೇ ಹೆಸರಿನ ಮೇಲೆ ಮತ್ತೆ ಬಂದಿದೆಯೇ ನೋಡಿ.