ಕೀಪರ್‌ನ ಕೊರಳಪಟ್ಟಿ, ಹೀತ್‌ಕ್ಲಿಫ್‌ನ ಕೈ

ಯಾರ್ಕ್‌ಷೈರ್‌ನ ಹಾವರ್ತ್‌ನಲ್ಲಿ ಬ್ರಾಂಟೆ ಸೋದರಿಯರು ಬಾಳಿದ ಪಾದ್ರಿಮನೆ 1928ರಿಂದ ವಸ್ತುಸಂಗ್ರಹಾಲಯ. ಎಮಿಲಿ ಕೊನೆಯುಸಿರೆಳೆದಳು ಎನ್ನುವ ಸೋಫಾ ಅಲ್ಲೇ ಇದೆ. ಅದನ್ನು ನೋಡಿ ಮುಂದೆ ಹೋದೆ. ನನ್ನ ಕಾಲು ನಿಂತದ್ದು ಒಂದು ಹಿತ್ತಾಳೆ ಕೊರಳಪಟ್ಟಿಯ ಎದುರು. ಅದು ಎಮಿಲಿಯ ನಾಯಿ ಕೀಪರ್‌ನದು.

ಹಾಸಿಗೆ ಏರಿ ಮಲಗುತ್ತಿದ್ದ ಆ ದೊಡ್ಡ ನಾಯಿಯನ್ನು ಎಮಿಲಿ ಕಣ್ಣು ಊದುವಂತೆ ಮುಷ್ಟಿಯಿಂದ ಗುದ್ದಿ, ಆಮೇಲೆ ತಾನೇ ಆರೈಕೆ ಮಾಡಿದಳಂತೆ. ಲೇಖಕಿ ಎಲಿಜಬೆತ್ ಗ್ಯಾಸ್ಕೆಲ್ 1857ರಲ್ಲಿ ಬರೆದಿಟ್ಟ ಸಂಗತಿ ಇದು. 1848ರ ಡಿಸೆಂಬರಿನಲ್ಲಿ, ಮೂವತ್ತರ ಎಮಿಲಿಯ ಶವದ ಹಿಂದೆ ಮನೆಯವರೊಡನೆ ಕೀಪರ್ ಕೂಡ ನಡೆಯಿತು. ಬಳಿಕ ಅವಳ ಕೋಣೆಯ ಬಾಗಿಲಲ್ಲಿ ಮಲಗಿ ಊಳಿಟ್ಟಿತು. ಆ ಪಟ್ಟಿಯನ್ನು ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ.

ಆ ರಾತ್ರಿ ಎಮಿಲಿಯ ಕಾದಂಬರಿ ‘ವುದರಿಂಗ್ ಹೈಟ್ಸ್’ ಬಿಡಿಸಿ ಕೂತರೆ ಪುಟಪುಟಕ್ಕೂ ನಾಯಿಗಳೇ ಕಂಡವು. ನೆರೆಯ ಲಿಂಟನ್ನರ ನಾಯಿ ನಾಯಕಿ ಕ್ಯಾಥರೀನಳ ಕಾಲು ಕಚ್ಚುತ್ತದೆ. ಮನೆಯವರು ಅವಳನ್ನು ಒಳಗೆ ಕರೆದು ಉಪಚರಿಸುತ್ತಾರೆ, ಅವಳ ಜೊತೆ ಬೆಳೆದ ಹೀತ್‌ಕ್ಲಿಫ್‌ನನ್ನು ಹೊರಗೆ ಅಟ್ಟುತ್ತಾರೆ. ಇಬ್ಬರ ದಾರಿ ಬೇರೆಯಾದದ್ದು ಅಲ್ಲಿಂದ. ಮುಂದೆ ಲಿಂಟನ್ನರ ಮಗಳು ಇಸಬೆಲ್ಲಾಳನ್ನು ಓಡಿಸಿಕೊಂಡು ಹೋಗುವ ರಾತ್ರಿ ಅವಳ ಮುದ್ದಿನ ನಾಯಿಯನ್ನು ಹೀತ್‌ಕ್ಲಿಫ್ ನೇಣಿಗೆ ಬಿಗಿಯುತ್ತಾನೆ. ಕೆಲವು ಅಧ್ಯಾಯ ದಾಟಿದರೆ ಕ್ಯಾಥರೀನಳ ಅಣ್ಣನ ಮಗ, ಐದಾರು ವರ್ಷದ ಹೇರ್ಟನ್ ಕುರ್ಚಿಯ ಬೆನ್ನಿಗೆ ನಾಯಿಮರಿಗಳನ್ನು ನೇತುಹಾಕುತ್ತಿರುತ್ತಾನೆ. ಹಿಂದಿನ ಓದುಗಳಲ್ಲಿ ಆ ಸಾಲನ್ನು ನಾನು ಗಮನಿಸಿಯೇ ಇರಲಿಲ್ಲ. ಈ ಸಲ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹೀತ್‌ಕ್ಲಿಫ್ ಕನಿಕರಕ್ಕೆ ಅರ್ಹನೇ ಎಂಬ ಪ್ರಶ್ನೆ 1847ರಲ್ಲಿ ಕಾದಂಬರಿ ಬಂದಾಗಿನಿಂದ ಇದೆ. ಇಂಥ ಪಾತ್ರವನ್ನು ಸೃಷ್ಟಿಸುವುದು ಸರಿಯೇ ಎಂದು ಎಮಿಲಿಯ ಅಕ್ಕ ಶಾರ್ಲೆಟ್ಟಳೇ 1850ರ ಮುದ್ರಣದ ಮುನ್ನುಡಿಯಲ್ಲಿ ಅಳುಕಿದ್ದಳು. ಸಿನಿಮಾದವರಿಗೆ ಆ ಅಳುಕಿರಲಿಲ್ಲ. 1939ರಲ್ಲಿ ಲಾರೆನ್ಸ್ ಒಲಿವಿಯೆ ಅಭಿನಯಿಸಿದ ಚಿತ್ರ ಎರಡನೆಯ ತಲೆಮಾರಿನ ಕಥೆಯನ್ನೇ ಕತ್ತರಿಸಿತು. ಹೇರ್ಟನ್ ಬೆಳೆಯುವುದನ್ನು ನೋಡುವಂತಿಲ್ಲದ ಮೇಲೆ ಹೀತ್‌ಕ್ಲಿಫ್ ವಿರಹಿಯಾಗಿ ಕಾಣದೆ ಇನ್ನೇನಾದಾನು?

ಲಿವರ್‌ಪೂಲ್ ಬೀದಿಯಲ್ಲಿ ಹಸಿದು ಅಲೆಯುತ್ತಿದ್ದ ಅನಾಥ ಅವನು. ಇಟ್ಟ ಹೆಸರೂ ಅವನನ್ನು ತಂದು ಸಾಕಿದ ಕ್ಯಾಥರೀನಳ ಮನೆಯಲ್ಲಿ ಸತ್ತ ಮಗುವಿನದು. ಕ್ಯಾಥರೀನಳ ಅಣ್ಣ ಹಿಂಡ್ಲಿ ಅವನಿಗೆ ಓದು ತಪ್ಪಿಸಿ ಆಳಿನ ಕೆಲಸಕ್ಕೆ ಹಚ್ಚಿದ. ಆ ಹುಡುಗನಿಗಾಗಿ ನನ್ನ ಕರುಳು ಇಂದಿಗೂ ಚುರ್ ಎನ್ನುತ್ತದೆ. ಆದರೆ ದುಡ್ಡು, ಅಧಿಕಾರ ಕೈಗೆ ಬಂದಾಗ ಹಿಂಡ್ಲಿಯ ಮಗ ಹೇರ್ಟನ್‌ನಿಗೂ ಅವನು ಅದನ್ನೇ ಮಾಡಿದ: ಅಕ್ಷರ ಕಲಿಸಲಿಲ್ಲ, ಹೊಲಸು ಬೈಗುಳ ಕಲಿಸಿದ. ಅದು ಎಷ್ಟು ನೋಯುತ್ತದೆಂದು ಅವನಷ್ಟು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಹಾಗಾಗಿ ದೊಡ್ಡವನಾದ ಹೀತ್‌ಕ್ಲಿಫ್‌ಗೆ ನನ್ನಲ್ಲಿ ಕನಿಕರವಿಲ್ಲ.

ಅವನು ಸತ್ತಾಗ ಹೆಣದ ಪಕ್ಕ ರಾತ್ರಿಯಿಡೀ ಕೂತು, ಕೈ ಹಿಡಿದು ಅತ್ತವನು ಒಬ್ಬನೇ: ಹೇರ್ಟನ್.