ಬಣ್ಣದಿಂದ ಮೋಡದ ಗುರುತು

ಒಲೆಯ ಉರಿಗೆ ಚಿಟಿಕೆ ಉಪ್ಪು ಬಿದ್ದರೆ ಉರಿ ಹಳದಿಯಾಗುತ್ತದೆ, ನೋಡಿದ್ದೀರಲ್ವಾ? ಅದು ಉಪ್ಪಿನಲ್ಲಿರುವ ಸೋಡಿಯಂ ಬಣ್ಣ. ಹೆಬ್ಬೆಟ್ಟಿನ ಗುರುತಿನ ಹಾಗೆ ಪ್ರತಿ ವಸ್ತುವಿಗೂ ತನ್ನದೇ ಬಣ್ಣದ ಗೆರೆಗಳಿವೆ. ಇವಕ್ಕೆ ರೋಹಿತ ಎನ್ನುತ್ತಾರೆ.

ಇದರಿಂದ ಏನುಪಯೋಗ ಅಂತೀರಾ? ಸೂರ್ಯ ಮುಳುಗಿದ ಮೇಲೆ ಭೂಮಧ್ಯರೇಖೆಯ ಹತ್ತಿರ ಮೇಲಿನ ವಾತಾವರಣ ಕದಡಿ ರೇಡಿಯೋ, ಉಪಗ್ರಹಗಳ ಸಂಕೇತ ಕೆಡುವುದುಂಟು. ಅಲ್ಲಿ ಎಲೆಕ್ಟ್ರಾನುಗಳ ಮೋಡ ಮಾಡಿ ಇದನ್ನು ತಡೆಯಬಹುದೇ ಎಂದು ನೋಡಲು 2013ರ ಮೇ ತಿಂಗಳಲ್ಲಿ ಅಮೆರಿಕದ ವಾಯುಪಡೆಯ ವಿಜ್ಞಾನಿಗಳು ಪೆಸಿಫಿಕ್ ಸಾಗರದ ಕ್ವಾಜಲೀನ್‌ನಿಂದ ಎರಡು ರಾಕೆಟ್ ಹಾರಿಸಿದರು. ಸುಮಾರು 170-180 ಕಿ.ಮೀ. ಎತ್ತರದಲ್ಲಿ ಸಮೇರಿಯಂ ಎಂಬ ಲೋಹದ ಆವಿ ಬಿಟ್ಟರು. ಸಮೇರಿಯಂ ಅಲ್ಲಿನ ಆಮ್ಲಜನಕದ ಪರಮಾಣುವನ್ನು ಸೇರಿದಾಗ ಒಂದು ಎಲೆಕ್ಟ್ರಾನು ಕಳಚಿ, ಉಳಿದದ್ದು ಆಕ್ಸೈಡ್ ಅಯಾನು ಆಗುತ್ತದೆ.

ಮೋಡವೇನೋ ಆಯ್ತು, ಎಲೆಕ್ಟ್ರಾನು ಮಾತ್ರ ಎಣಿಸಿದ್ದಕ್ಕಿಂತ ಕಡಿಮೆ! ಮೋಡದಲ್ಲಿ ಅಯಾನು ಎಷ್ಟು, ಬರೀ ಆಕ್ಸೈಡ್ ಎಷ್ಟು ಎಂದು ಬೆಳಕು ನೋಡಿಯೇ ಹೇಳಬೇಕು. ಹಾಗೆ ಹೇಳಲು ಅಯಾನಿನ ಗುರುತು ಮೊದಲೇ ಗೊತ್ತಿರಬೇಕಲ್ಲ?

ಅದಕ್ಕೆ ಪ್ರಯೋಗಶಾಲೆ ಬೇಕು. ಲೇಸರ್ ಬೆಳಕಿನಿಂದ ಲೋಹವನ್ನು ಆವಿ ಮಾಡಿ, ಆಮ್ಲಜನಕ ಬೆರೆತ ಅನಿಲದ ಜೊತೆ ಗಾಳಿ ತೆಗೆದ ಪಾತ್ರೆಯೊಳಕ್ಕೆ ಚಿಮ್ಮಿಸುತ್ತಾರೆ. ಚಿಮ್ಮಿದಾಗ ಅದು ಬಹಳ ತಣ್ಣಗಾಗುತ್ತದೆ. ನನಗೆ ಸೋಜಿಗ ಅನ್ನಿಸಿದ್ದು ಇದೇ, ಕಾಯಿಸಿದ್ದನ್ನೇ ಮತ್ತೆ ತಣಿಸುವುದು! ಬಿಸಿಯಿದ್ದರೆ ಗೆರೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ, ತಣ್ಣಗಿದ್ದರೆ ಬಿಡಿಬಿಡಿಯಾಗಿ ಕಾಣುತ್ತವೆ. ಆಮೇಲೆ ಇನ್ನೊಂದು ಲೇಸರ್‌ನ ಬಣ್ಣವನ್ನು ಚೂರುಚೂರೇ ಬದಲಿಸುತ್ತಾ, ಯಾವ ಬಣ್ಣವನ್ನು ಅಯಾನು ಹೀರಿಕೊಳ್ಳುತ್ತದೆ ಎಂದು ಬರೆದುಕೊಳ್ಳುತ್ತಾರೆ.

ಎಲೆಕ್ಟ್ರಾನು ಕಡಿಮೆಯಾದದ್ದು ಯಾಕೆ ಗೊತ್ತಾ? ಸಮೇರಿಯಂ ಮತ್ತು ಆಮ್ಲಜನಕ ಸೇರುವಾಗ ಹೊಮ್ಮುವ ಶಕ್ತಿ ಮೊದಲು ನಂಬಿದ್ದಕ್ಕಿಂತ ತುಂಬಾ ಕಡಿಮೆ ಎಂದು ಆಮೇಲಿನ ಪ್ರಯೋಗಶಾಲೆಯ ಅಳತೆಗಳು ತೋರಿಸಿದವು.